ತಪ್ಪಲೆಯ ಎರಡನೇ ಪಾಲು

ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಅನ್ನ ಬಡಿಸುವ ವಾಡಿಕೆಯಿಲ್ಲ. ಹೊರಗಿನವರು ಇದನ್ನು ಜಿಪುಣತನವೆಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಎಷ್ಟೇ ಅಕ್ಕಿ ಹಾಕಿದರೂ ಮನೆಯವರಿಗೆ ಆಗುವಷ್ಟೇ ಅನ್ನವಾಗುವ ಊರಿನಲ್ಲಿ ನೆಂಟರಿಗೆ ಚಪಾತಿಯನ್ನಲ್ಲದೆ ಇನ್ನೇನನ್ನು ಬಡಿಸುವುದು? ಸೇರು ಹಾಕಿದರೂ ಅಷ್ಟೇ, ಹಿಡಿ ಹಾಕಿದರೂ ಅಷ್ಟೇ. ತಪ್ಪಲೆಯ ಮುಚ್ಚಳ ತೆಗೆದರೆ ಮನೆಯವರು ಎಷ್ಟು ಜನವೋ ಅಷ್ಟು ಪಾಲು, ಅವರವರ ಹಸಿವಿನ ಅಳತೆಗೆ ಸರಿಯಾಗಿ ಇರುತ್ತದೆ. ಕುಕ್ಕರ್ ತಂದು ನೋಡಿದವರೂ ಇದ್ದರು. ವಿಷಲ್ ಹೆಚ್ಚಾಯಿತೇ ಹೊರತು ಅನ್ನ ಹೆಚ್ಚಲಿಲ್ಲ.

ಮನೆಯವರು ಎಂದರೆ ಯಾರು ಎಂಬುದನ್ನು ತೀರ್ಮಾನಿಸುವುದು ತಪ್ಪಲೆ. ನಮ್ಮನ್ನು ಯಾರೂ ಕೇಳುವುದಿಲ್ಲ. ದರ್ಜಿ ಹನುಮಂತಪ್ಪನ ಮಗಳು ಮದುವೆಯಾಗಿ ಹೋಗಿ ಇಪ್ಪತ್ತು ವರ್ಷವಾಯಿತು. ಅವಳ ಪಾಲು ಇಂದಿಗೂ ತವರಿನಲ್ಲಿ ಆಗುತ್ತಿದೆ. ಹನುಮಂತಪ್ಪ ಅದನ್ನು ಪಕ್ಕದ ಮನೆಯ ಮಕ್ಕಳಿಗೆ ಉಣ್ಣಿಸುತ್ತಾನೆ. ಹೂವಿನ ಅಂಗಡಿಯ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದವರು. ಒಂದು ಮಧ್ಯಾಹ್ನ ಅಣ್ಣನ ಪಾಲು ಆಗಲಿಲ್ಲ. ಅವನು ಬರಿಯ ಎಲೆಯ ಮುಂದೆ ಸ್ವಲ್ಪ ಹೊತ್ತು ಕುಳಿತಿದ್ದು, ಎದ್ದು, ಸಂಜೆಯೊಳಗೆ ಬೇರೆ ಒಲೆ ಹೂಡಿದ. ಊಟ ಬಿಟ್ಟವರ ಪಾಲೂ ಆ ದಿನ ಆಗುವುದಿಲ್ಲ. ಹೆಂಡತಿ ಮುನಿಸಿಕೊಂಡಿದ್ದಾಳೆಂಬುದು ಎಷ್ಟೋ ಗಂಡಸರಿಗೆ ತಿಳಿಯುವುದು ಹೀಗೆಯೇ.

ನನ್ನ ಅಜ್ಜನ ಕಾಲದಲ್ಲಿ ನಮ್ಮದು ಹದಿನೇಳು ಪಾಲಿನ ತಪ್ಪಲೆ. ಅದನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕಾಗಿತ್ತು. ಚಿಕ್ಕಪ್ಪಂದಿರು ಹೋದರು, ಒಂಬತ್ತಾಯಿತು. ತಮ್ಮಂದಿರು ಹೋದರು, ನಾಲ್ಕಾಯಿತು. ಆ ಹಳೆಯ ತಪ್ಪಲೆಯಲ್ಲಿ ಈಗ ತುಳಸಿ ಗಿಡವಿದೆ. ಸಂಸಾರಗಳು ಏಕೆ ಒಡೆಯುತ್ತವೆ ಎಂಬುದನ್ನು ಕುರಿತು ನಾನು ರಾಯರ ಮಠದ ಜಗುಲಿಯಲ್ಲಿ ಕುಳಿತು ಬಹಳ ಮಾತನಾಡಿದ್ದೇನೆ. ಸಿನಿಮಾ, ಹೆಂಗಸರ ಸಂಬಳ, ಸಂಧ್ಯಾವಂದನೆ ಬಿಟ್ಟದ್ದು ಎಂದು ಮೂರು ಕಾರಣಗಳನ್ನು ಕೊಡುತ್ತಿದ್ದೆ. ಕೇಳುವವರು ತಲೆದೂಗುತ್ತಿದ್ದರು. ಈಗ ಯೋಚಿಸಿದರೆ, ಅವರು ತೂಕಡಿಸುತ್ತಿದ್ದರೆಂದು ಕಾಣುತ್ತದೆ.

ನನ್ನ ಹೆಸರು ಪ್ರಹ್ಲಾದರಾಯ. ಊರವರು ಕರೆಯುವುದು ಅಳತೆರಾಯ ಎಂದು. ಮೂವತ್ತನಾಲ್ಕು ವರ್ಷ ಅಂಗಡಿ ಅಂಗಡಿಗೆ ಹೋಗಿ ಸೇರು, ಪಾವು, ತಕ್ಕಡಿ, ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಉದ್ಯೋಗವಾಗಿತ್ತು. ಸೇರಿನ ತಳದಲ್ಲಿ ಮೇಣ ಮೆತ್ತಿದ್ದರೆ ಬೆರಳಿನಿಂದ ತಟ್ಟಿಯೇ ಹೇಳುತ್ತಿದ್ದೆ. ಇಷ್ಟು ನಿಷ್ಠುರನಾದ ನಾನು ಆ ಮೂವತ್ತನಾಲ್ಕು ವರ್ಷಗಳಲ್ಲಿ ನನ್ನ ಮನೆಯ ತಪ್ಪಲೆಯ ಮುಚ್ಚಳವನ್ನು ಒಂದು ದಿನವೂ ಎತ್ತಿ ನೋಡಿದವನಲ್ಲ. ಅದು ಅಂಬುಜಾಕ್ಷಿಯ ಇಲಾಖೆ. ನಾನು ಕೈಕಾಲು ತೊಳೆದು ಬರುವ ಹೊತ್ತಿಗೆ ಎಲೆಯ ಮೇಲೆ ಅನ್ನವಿರುತ್ತಿತ್ತು.

ನಮಗೆ ಒಬ್ಬನೇ ಮಗ, ಶ್ರೀಪತಿ. ಅವನ ಹೆಂಡತಿ ವೈಜಯಂತಿ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ ಮಾಡುತ್ತಾಳೆ. ಮದುವೆಯಾದ ಆರನೆಯ ವರ್ಷ ಶ್ರೀಪತಿ ಹೊಳೆಯಾಚೆಯ ಊರಿನಲ್ಲಿ ಫೋಟೋ ಸ್ಟುಡಿಯೋ ನಡೆಸುವ ಹೆಂಗಸೊಬ್ಬಳ ಮನೆಗೆ ಹೋದವನು ಹಿಂದಿರುಗಲಿಲ್ಲ. ಬಂದದ್ದು ಕೋರ್ಟಿನ ಕಾಗದ. ವೈಜಯಂತಿ ಜಗಳವಾಡದೆ ಸಹಿ ಹಾಕಿದಳು. ಎರಡು ಬೀದಿಯಾಚೆ ಮಹಡಿಯ ಮೇಲೆ ಒಂದು ಕೋಣೆ ಹಿಡಿದು, ಒಂದು ಟ್ರಂಕು, ಒಂದು ಚಿಕ್ಕ ತಪ್ಪಲೆ ಇಟ್ಟುಕೊಂಡು ಬೇರೆಯಾದಳು. ಅವಳ ತಂದೆತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳು ಹೋದ ಮರುದಿನ ಊಟಕ್ಕೆ ಕೂತಾಗ ನಾನು ಅಂಬುಜಾಕ್ಷಿಯನ್ನು ಎಷ್ಟು ಪಾಲಾಯಿತು ಎಂದು ಕೇಳಿದೆ. ಅವಳು ತುಪ್ಪ ಬಡಿಸುತ್ತ, ಎರಡು ಎಂದಳು. ತಪ್ಪಲೆ ನ್ಯಾಯವಾಗಿಯೇ ಹೇಳಿದೆ, ಕಾಗದ ಹರಿದ ಮೇಲೆ ಸಂಬಂಧವೆಲ್ಲಿ ಎಂದು ನಾನು ಒಂದು ಸಣ್ಣ ಉಪನ್ಯಾಸ ಮಾಡಿದೆ. ಅವಳು ಇನ್ನೊಂದು ಚಮಚ ತುಪ್ಪ ಹಾಕಿ ನನ್ನ ಬಾಯಿ ಮುಚ್ಚಿಸಿದಳು.

ಆ ದಿನದಿಂದ ಅಂಬುಜಾಕ್ಷಿಗೆ ಭಕ್ತಿ ಹೆಚ್ಚಿತು. ದಿನವೂ ಹನ್ನೊಂದೂವರೆಗೆ ಒಂದರ ಮೇಲೊಂದು ಕೂರುವ ಎರಡು ತಟ್ಟಿನ ಹಿತ್ತಾಳೆ ಡಬ್ಬಿ ಹಿಡಿದು ಗುಡಿಗೆಂದು ಹೊರಡುತ್ತಿದ್ದಳು. ಬಿಸಿಲಿರಲಿ ಮಳೆಯಿರಲಿ ತಪ್ಪಿಸಲಿಲ್ಲ. ಏಕಾದಶಿಯಂದೂ, ನಾನು ನಿರ್ಜಲ ಕೂತಿರುವಾಗಲೂ, ಹೋಗಿ ಬರುತ್ತಿದ್ದಳು. ನನ್ನ ಸಹವಾಸದ ಫಲವೆಂದು ಮಠದ ಜಗುಲಿಯಲ್ಲಿ ಹೇಳಿಕೊಂಡೆ.

ಎರಡು ವರ್ಷದ ನಂತರ ಅವಳು ಮಲಗಿದಳು. ಹೊಟ್ಟೆಯಲ್ಲಿ ಗೆಡ್ಡೆ ಎಂದರು. ವೈಜಯಂತಿ ದಿನಾ ಸಂಜೆ ಅಂಗಡಿ ಮುಗಿಸಿ ಬಂದು ಅವಳಿಗೆ ಮೈ ಒರೆಸಿ, ತಲೆ ಬಾಚಿ ಹೋಗುತ್ತಿದ್ದಳು. ನಾನು ಅವಳನ್ನು ಏನೆಂದು ಕರೆಯಬೇಕೆಂದು ತಿಳಿಯದೆ "ನೋಡಮ್ಮಾ" ಎನ್ನುತ್ತಿದ್ದೆ. ಅವಳೂ ಮಾವನೆನ್ನುವುದನ್ನು ಬಿಟ್ಟು "ರಾಯರೇ" ಎನ್ನುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಒಲೆ ಹೊತ್ತಲಿಲ್ಲ, ನನಗೆ ಮಠದ ಚಪಾತಿಯೇ ಆಯಿತು. ಐವತ್ತೇಳು ದಿನ ಮಲಗಿದ್ದು ಅಂಬುಜಾಕ್ಷಿ ಹರಿಪಾದ ಸೇರಿದಳು.

ಹದಿಮೂರು ದಿನವಾಯಿತು. ನೆಂಟರೆಲ್ಲ ಹೊರಟುಹೋದರು. ಹದಿನಾಲ್ಕನೆಯ ದಿನ ನಾನು ಮಡಿಯುಟ್ಟು, ನನ್ನ ಜನ್ಮದಲ್ಲಿ ಮೊದಲನೆಯ ಸಲ, ಒಲೆ ಹೊತ್ತಿಸಿ ಪಾವು ಅಕ್ಕಿ ಹಾಕಿದೆ. ಮುಚ್ಚಳ ತೆಗೆದು ನೋಡಿದರೆ ಎರಡು ಪಾಲು. ನಂಬದೆ, ಪೆಟ್ಟಿಗೆಯಿಂದ ನನ್ನ ಹಳೆಯ ಮುದ್ರೆಯ ಪಾವನ್ನು ತೆಗೆದು ಅಳೆದೆ. ಒಂದು ಪಾಲು ನನ್ನ ಹಸಿವಿನದು, ಸಂಶಯವಿರಲಿಲ್ಲ. ಇನ್ನೊಂದು ಅದಕ್ಕಿಂತ ಸ್ವಲ್ಪ ದೊಡ್ಡದು.

ಸತ್ತವರ ಪಾಲು ತಪ್ಪಲೆಯಲ್ಲಿ ನಿಂತ ನಿದರ್ಶನ ಊರಿನಲ್ಲಿ ಒಂದೂ ಇರಲಿಲ್ಲ. ವಿವೇಕವಿದ್ದವನಾದರೆ, ಹಾಗಾದರೆ ಇದು ಯಾರದು ಎಂದು ಕೇಳಿಕೊಳ್ಳುತ್ತಿದ್ದ. ನಾನು, ಊರಿನಲ್ಲಿ ಯಾರಿಗೂ ಆಗದ್ದು ನನಗೆ ಆಯಿತಲ್ಲ, ನಮ್ಮ ದಾಂಪತ್ಯ ಎಂಥದ್ದಿರಬೇಕು ಎಂದು ಒಲೆಯ ಮುಂದೆ ಕೈಮುಗಿದು ನಿಂತೆ. ಎರಡನೇ ಪಾಲನ್ನು ಬಾಳೆಲೆಯ ತುಂಡಿನಲ್ಲಿಟ್ಟು ಹಿತ್ತಲ ಗೋಡೆಯ ಮೇಲಿಟ್ಟೆ. ಒಂದು ಕಾಗೆ ಬಂದು ಉಂಡಿತು. ಅದರ ಕತ್ತಿನ ಓರೆಯಲ್ಲಿ ಅಂಬುಜಾಕ್ಷಿಯ ಓರೆ ಕಂಡಿತು. ಅಂದಿನಿಂದ ದಿನವೂ ಹಾಗೆಯೇ. ಅಂಬುಜಾಕ್ಷಿ ಉಣ್ಣುತ್ತಿದ್ದದ್ದು ಗುಬ್ಬಿಯಂತೆ. ಈ ಪಾಲು ಅದರ ಎರಡರಷ್ಟಿತ್ತು. ಅದಕ್ಕೂ ನನ್ನಲ್ಲಿ ಸಮಾಧಾನವಿತ್ತು: ಅಲ್ಲಿಯ ಗಾಳಿ ನೀರು ಅವಳಿಗೆ ಒಗ್ಗಿರಬೇಕು.

ಸುದ್ದಿ ಹಬ್ಬಿತು. ಹಬ್ಬಿಸಿದವನು ನಾನೇ. ಹೆಂಗಸರು ತಪ್ಪಲೆ ನೋಡಿ ಕಣ್ಣಿಗೊತ್ತಿಕೊಂಡು ಹೋದರು. ಹೊಸದಾಗಿ ಮದುವೆಯಾದ ಜೋಡಿಗಳು ಬಂದು ಕಾಲಿಗೆ ಬಿದ್ದವು, ನಾನು ಆಶೀರ್ವಾದ ಮಾಡಿದೆ. ವೈಜಯಂತಿ ಭಾನುವಾರಗಳಲ್ಲಿ ಬರುತ್ತಿದ್ದಳು. ನನ್ನ ಕನ್ನಡಕದ ತಿರುಪು ಬಿಗಿ ಮಾಡಿ, ಹಾಗೆಯೇ ಒಂದು ಲೋಟ ಸಾರನ್ನೂ ಇಟ್ಟು, "ಸಾರು ಮಿಕ್ಕಿತ್ತು ರಾಯರೇ" ಎನ್ನುತ್ತಿದ್ದಳು. ಎರಡನೇ ಪಾಲಿನ ಮಹಿಮೆಯನ್ನು ಅವಳಿಗೂ ವಿವರಿಸಿದೆ. ಅವಳು ತಲೆ ತಗ್ಗಿಸಿ ಕೇಳಿ, ತಿರುಪನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು. ಒಂದು ಭಾನುವಾರ ಅನ್ನವನ್ನೂ ತಂದಿದ್ದಳು. ಬೇರೆ ತಪ್ಪಲೆಯ ಅನ್ನ ನನಗೆ ನಿಷಿದ್ಧವೆಂದೆ. ಮತ್ತೆ ತರಲಿಲ್ಲ.

ಆಶ್ವಯುಜದಲ್ಲಿ ಒಂದು ಸಂಕಟ ಬಂತು. ವಾಚನಾಲಯದ ವಾರ್ಷಿಕೋತ್ಸವದಲ್ಲಿ ಯಾರೋ ಕೈಗಿಟ್ಟ ಬೋಂಡವನ್ನು ತಿಂದುಬಿಟ್ಟೆ. ತಿಂದ ಮೇಲೆ ಈರುಳ್ಳಿಯೆಂದು ತಿಳಿಯಿತು. ತಿನ್ನುವಾಗಲೇ ತಿಳಿದಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಮರುದಿನ ತಪ್ಪಲೆಯಲ್ಲಿ ಒಂದೇ ಪಾಲು. ಅದರ ಮರುದಿನವೂ ಒಂದೇ. ಅಂಬುಜಾಕ್ಷಿ ಮುನಿದಳೆಂದುಕೊಂಡೆ. ಪಂಚಗವ್ಯ ಕುಡಿದೆ, ನೂರೆಂಟು ನಮಸ್ಕಾರ ಹಾಕಿ ಸೊಂಟ ಹಿಡಿಸಿಕೊಂಡೆ. ಐದನೆಯ ದಿನ ಎರಡನೇ ಪಾಲು ತಿರುಗಿ ಬಂತು. ಅಂದೇ ಈರುಳ್ಳಿ ಬೋಂಡದ ವಿರುದ್ಧ ಜಗುಲಿಯಲ್ಲಿ ಮಾತನಾಡಿದೆ. ಆ ವಾರ ವೈಜಯಂತಿ ಬಂದಿರಲಿಲ್ಲ. ಮುಂದಿನ ಭಾನುವಾರ ಮುಖ ಬತ್ತಿಸಿಕೊಂಡು ಬಂದಳು. ನಾಲ್ಕು ದಿನ ವಿಪರೀತ ಜ್ವರ, ಏನೂ ಸೇರಲಿಲ್ಲವೆಂದಳು. ನಾನು ಅವಳಿಗೆ ನನ್ನ ಸೊಂಟದ ಕಥೆ ಹೇಳಿದೆ.

ವರ್ಷಾಬ್ದಿಕ ಹತ್ತಿರವಾಯಿತು. ಪುರೋಹಿತ ಗುಂಡಾಚಾರ್ಯರು, ವರ್ಷ ತುಂಬಿದ ಮೇಲೆ ಅವಳು ಪಿತೃಗಳೊಡನೆ ಸೇರುತ್ತಾಳೆ, ಆ ಮೇಲೆ ಪಾಲು ನಿಲ್ಲುತ್ತದೆ, ನಿಲ್ಲಬೇಕು ಎಂದರು. ನಾನು ಹೂಂ ಎಂದೆ. ಮನೆಗೆ ಬಂದು ದೇವರ ಮುಂದೆ ಕುಳಿತು, ಅವಳಿಗೆ ಸದ್ಗತಿ ಬೇಡವೆಂದು ಕೇಳಿಕೊಂಡೆ. ನಲವತ್ತಾರು ವರ್ಷ ಜೊತೆಗಿದ್ದವಳಿಗೆ ನಾನು ಕೋರಿದ ವರ ಅದು. ಎರಡನೇ ಪಾಲು ನಿಂತುಹೋದರೆ ಆ ಅಡುಗೆಮನೆಯೊಳಗೆ ಕಾಲಿಡುವುದು ಹೇಗೆಂಬುದೊಂದೇ ನನ್ನ ಚಿಂತೆಯಾಗಿತ್ತು.

ಆ ವಾರವೇ ವೈಜಯಂತಿ ಬಂದು, ಕೂರೆಂದರೂ ಕೂರದೆ, ಕಂಬ ಹಿಡಿದು ನಿಂತಳು. ಐಸ್ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿರುವ ಜನಾರ್ದನನೆಂಬವನು ತನ್ನನ್ನು ಮದುವೆಯಾಗಲು ಕೇಳಿದ್ದಾನೆ ಎಂದಳು. ಹೆಂಡತಿ ತೀರಿ ನಾಲ್ಕು ವರ್ಷವಾಗಿದೆ, ಒಬ್ಬಳು ಮಗಳಿದ್ದಾಳೆ. ಬುಧವಾರ ಅವನೂ ಅವನ ಸೋದರತ್ತೆಯೂ ತಪ್ಪಲೆ ನೋಡುವ ಶಾಸ್ತ್ರಕ್ಕೆ ಬರುತ್ತಾರೆ. ನಮ್ಮಲ್ಲಿ ಮದುವೆಗೆ ಮೊದಲು ಹೆಣ್ಣು ಗಂಡಿನ ಕಡೆಯವರ ಕಣ್ಣೆದುರಿಗೆ ಅಕ್ಕಿ ಹಾಕುತ್ತಾಳೆ, ಅವರ ಹಿರಿಯರು ಮುಚ್ಚಳ ತೆಗೆಯುತ್ತಾರೆ. ಅವಳ ಲೆಕ್ಕದಲ್ಲಿ ಯಾರಿದ್ದಾರೆಂದು ತಿಳಿಯದೆ ಯಾರೂ ಹೆಣ್ಣು ತರುವುದಿಲ್ಲ. "ನನ್ನ ಕಡೆಯಿಂದ ಅಂತ ಒಬ್ಬರು ದೊಡ್ಡೋರು ಕೂತ್ಕೋಬೇಕು ರಾಯರೇ. ನನಗೆ ಯಾರಿದಾರೆ ಹೇಳಿ" ಎಂದಳು. ಮಗನ ಹೆಂಡತಿಯಾಗಿದ್ದವಳ ಮದುವೆಗೆ ಮಾವನಾಗಿದ್ದವನು ಹಿರಿಯನಾಗಿ ಕೂರುವುದು ಯಾವ ಧರ್ಮಶಾಸ್ತ್ರದಲ್ಲಿದೆ ಎಂದು ಕೇಳಿದೆ. ಅವಳು ಕಂಬ ಬಿಟ್ಟು ಹೊರಡಲಿಲ್ಲ. ಕೊನೆಗೆ, ಅಳತೆ ಗೊತ್ತಿರುವವನೊಬ್ಬ ಅಲ್ಲಿರುವುದು ಒಳ್ಳೆಯದೇ ಎಂಬ ನೆಪ ನನಗೆ ಹೊಳೆಯಿತು. ಒಪ್ಪಿಕೊಂಡೆ.

ಬುಧವಾರ ಜರಿಶಲ್ಯ ಹೊದ್ದು, ಮುದ್ರೆಯ ಪಾವನ್ನು ಕೈಯಲ್ಲಿ ಹಿಡಿದು ಹೋದೆ. ಮಹಡಿಯ ಆ ಕೋಣೆಯನ್ನು ನಾನು ನೋಡಿದ್ದು ಅಂದೇ. ಗೋಡೆಯ ಗೂಡಿನಲ್ಲಿ ಎರಡು ತಟ್ಟಿನ ಹಿತ್ತಾಳೆ ಡಬ್ಬಿಯೊಂದು ಥಳಥಳ ಹೊಳೆಯುತ್ತಿತ್ತು. ಅಂಬುಜಾಕ್ಷಿ ಹೋದಂದಿನಿಂದ ನಮ್ಮ ಮನೆಯ ಡಬ್ಬಿ ಸಿಕ್ಕದೆ, ಗುಡಿಯ ಅರ್ಚಕನ ಮೇಲೆ ನನಗೆ ಸಂಶಯವಿತ್ತು. ಅಂಥದೇ ಡಬ್ಬಿಗಳು ಲೋಕದಲ್ಲಿ ಎಷ್ಟೋ ಇರುತ್ತವೆಂದುಕೊಂಡು ಚಾಪೆಯ ಮೇಲೆ ಕುಳಿತೆ.

ಜನಾರ್ದನ ಮಾತು ಕಡಿಮೆಯ ಮನುಷ್ಯ. ಕೈಗಳು ಮಂಜಿನಲ್ಲಿ ಕೆಲಸ ಮಾಡಿ ಕೆಂಪಾಗಿದ್ದವು. ಅವನ ಸೋದರತ್ತೆ ಚೂಡಕ್ಕ ಮಾತ್ರ ಇಬ್ಬರ ಮಾತನ್ನೂ ಆಡಿದಳು. ವೈಜಯಂತಿ ಅಕ್ಕಿ ತೊಳೆದು ಹಾಕಿದಳು. ಅನ್ನ ಬೇಯುವವರೆಗೆ ಚೂಡಕ್ಕ ತನ್ನ ಮಂಡಿನೋವಿನ ವೃತ್ತಾಂತ ಹೇಳಿ, ಬೆಂದ ಮೇಲೆ ಅದೇ ಮಂಡಿಯೂರಿ ಮುಚ್ಚಳ ತೆಗೆದಳು. ನಾನು ನನ್ನ ಪಾವನ್ನು ಮುಂದೆ ಮಾಡಿ, ಯಾರೂ ಕೇಳದಿದ್ದರೂ, ಅಳೆದು ಸಾರಿದೆ. ಎರಡು ಪಾಲು.

ಚೂಡಕ್ಕ ಮುಚ್ಚಳವನ್ನು ಕೆಳಗಿಡಲಿಲ್ಲ. "ಒಬ್ಬಳೇ ಇರೋಳಿಗೆ ಎರಡು ಯಾಕಮ್ಮಾ? ಇನ್ನೊಂದು ಯಾರದ್ದು, ಹಳೇ ಗಂಡಂದಾ?" ಎಂದು ಕೇಳಿದಳು. ವೈಜಯಂತಿಯ ಮುಖ ಕೆಂಪಾಯಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಆಗ ನಾನು ಸುಮ್ಮನಿದ್ದಿದ್ದರೆ ಈ ಕಥೆಯಲ್ಲಿ ನನಗೆ ಸ್ವಲ್ಪ ಮಾನ ಉಳಿಯುತ್ತಿತ್ತು. ಎದ್ದು ನಿಂತು, ಶಲ್ಯ ಸರಿಮಾಡಿಕೊಂಡು, ಪತಿವ್ರತೆಯ ತಪ್ಪಲೆ ಸುಳ್ಳು ಹೇಳುವುದಿಲ್ಲವೆಂದೆ. ಎರಡನೆಯದು ನನ್ನ ಮಗ ಶ್ರೀಪತಿಯ ಪಾಲು, ಕೋರ್ಟು ಬಿಡಿಸಿದರೂ ದೇವರು ಬಿಡಿಸಿಲ್ಲ, ನಮ್ಮ ವಂಶದಲ್ಲಿ ಋಣಾನುಬಂಧ ಗಟ್ಟಿ, ನನ್ನ ಹೆಂಡತಿಯ ಪಾಲು ನೋಡಿ, ಸತ್ತರೂ ನಿಂತಿಲ್ಲ, ಎಂದು ಇನ್ನೂ ಹೇಳುವವನಿದ್ದೆ. ಚೂಡಕ್ಕ ಚೀಲ ಕೈಗೆತ್ತಿಕೊಂಡಾಗಿತ್ತು. ಒಬ್ಬಳ ಮದುವೆ ನನ್ನ ಬಾಯಲ್ಲಿ ಮುರಿಯುತ್ತಿತ್ತು, ನನಗೆ ಅದೇ ಘನತೆಯಾಗಿ ಕಾಣುತ್ತಿತ್ತು.

"ಅವರದ್ದಲ್ಲ" ಎಂದಳು ವೈಜಯಂತಿ. ನನ್ನ ಕಡೆ ನೋಡದೆ ತಪ್ಪಲೆಯನ್ನು ನೋಡುತ್ತ ಹೇಳಿದಳು: "ಏಕಾದಶಿ ದಿನ ನನ್ನ ತಪ್ಪಲೇಲಿ ಒಂದೇ ಪಾಲು ಆಗತ್ತೆ. ತಿಂಗಳಿಗೆ ಎರಡು ದಿನ. ಮಿಕ್ಕ ದಿನವೆಲ್ಲ ಎರಡು."

ಶ್ರೀಪತಿಗೆ ಏಕಾದಶಿ ಯಾವ ದಿನವೆಂದೇ ಗೊತ್ತಿಲ್ಲ. ಸ್ಟುಡಿಯೋದವಳ ಮನೆಯಲ್ಲಿ ಅವನು ಅಂದು ಮೊಟ್ಟೆ ತಿನ್ನುತ್ತಾನೆಂದು ಕೇಳಿ ನಾನು ಒಂದು ವಾರ ಅವನ ಹೆಸರೆತ್ತಿರಲಿಲ್ಲ. ಚೂಡಕ್ಕ ನನ್ನ ನಾಮ, ಅಂಗಾರ, ಅಕ್ಷತೆಗಳನ್ನು ಹಣೆಯಿಂದ ಕೆಳಕ್ಕೆ ನಿಧಾನವಾಗಿ ಓದಿದಳು. "ಏಕಾದಶಿ ಮಾಡೋರು ಇಲ್ಲಿ ಒಬ್ಬರು ನಿಂತಿದಾರಲ್ಲ" ಎಂದಳು.

ನಾನು ಕುಳಿತುಕೊಂಡೆ. ಚೂಡಕ್ಕ ಬಿಡಲಿಲ್ಲ. ನಿಮ್ಮ ತಪ್ಪಲೆಯ ಎರಡನೇ ಪಾಲು ಒಂದು ದಿನವಾದರೂ ತಪ್ಪಿತ್ತೇ ಎಂದು ಕೇಳಿದಳು. ಆಶ್ವಯುಜದಲ್ಲಿ ನಾಲ್ಕು ದಿನವೆಂದೆ. ಹೇಳುತ್ತಿರುವಂತೆಯೇ ನಾಲ್ಕು ದಿನದ ಜ್ವರ ನೆನಪಾಯಿತು. ಗೂಡಿನಲ್ಲಿದ್ದ ಡಬ್ಬಿ ಇನ್ನೂ ಹೊಳೆಯುತ್ತಿತ್ತು. ಅಂಬುಜಾಕ್ಷಿ ಎರಡೆಂದು ಹೇಳಿದ ದಿನ ತಪ್ಪಲೆಯಲ್ಲಿ ಮೂರು ಇತ್ತು. ಅವಳು ಮೂರನೆಯದನ್ನು ಈ ಡಬ್ಬಿಯಲ್ಲಿಟ್ಟುಕೊಂಡು ಎರಡು ವರ್ಷ, ದಿನವೂ, ಯಾವ ಗುಡಿಗೆ ಹೋಗುತ್ತಿದ್ದಳೆಂಬುದು, ಸೇರಿನ ತಳದ ಮೇಣವನ್ನು ಬೆರಳಲ್ಲಿ ತಟ್ಟಿ ಕಂಡುಹಿಡಿಯುತ್ತಿದ್ದ ನನಗೆ, ಆಗ ತಿಳಿಯಿತು.

ನನಗೆ ಮೊದಲೇ ಏಕೆ ಹೇಳಲಿಲ್ಲವೆಂದು ವೈಜಯಂತಿಯನ್ನು ಕೇಳಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಹೇಗೆ ಹೇಳ್ಲಿ? ನೀವು ದಿನಾ ಅತ್ತೆಗೆ ಬಡಿಸ್ತಾ ಇದ್ದಿರಿ. ಅದು ನನ್ನ ಪಾಲು ಅಂದ್ರೆ, ಅತ್ತೆ ಇಲ್ಲ ಅಂದ ಹಾಗಾಗತ್ತಲ್ಲ."

ಆಗ ಜನಾರ್ದನ ಮೊದಲ ಸಲ ಬಾಯಿ ತೆರೆದ. ತನ್ನ ತಪ್ಪಲೆಯಲ್ಲಿ, ತೀರಿಹೋದ ಹೆಂಡತಿಯ ತಾಯಿಯ ಪಾಲು ಇಂದಿಗೂ ಆಗುತ್ತದೆ, ಮಗಳು ಶಾಲೆಗೆ ಹೋಗುವಾಗ ಕೊಟ್ಟುಹೋಗುತ್ತಾಳೆ ಎಂದ. ಸೋದರತ್ತೆ ನೋಡಲಿಕ್ಕೆ ಬಂದದ್ದು ಶಾಸ್ತ್ರಕ್ಕೆ, ತನಗೆ ಎರಡು ಪಾಲಿನಿಂದ ತೊಂದರೆಯಿಲ್ಲವೆಂದೂ ಹೇಳಿದ. ಚೂಡಕ್ಕ ಚೀಲವನ್ನು ಮತ್ತೆ ಕೆಳಗಿಟ್ಟು, ವೈಜಯಂತಿಯ ಗಲ್ಲ ಹಿಡಿದಳು. "ಎಲ್ಲಾರೂ ಗಂಡನ್ನ ಇಟ್ಕೊಂಡು ಮಾವನ್ನ ಬಿಡ್ತಾರೆ. ನೀನು ಗಂಡನ್ನ ಬಿಟ್ಟು ಮಾವನ್ನ ಇಟ್ಕೊಂಡಿದೀಯಲ್ಲ ತಾಯಿ. ಅದೂ ಇಂಥಾ ಮಾವನ್ನ" ಎಂದಳು. ಮೂವರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಅಲ್ಲಿಯೇ ಅಳಬೇಕಾಗಿತ್ತು. ಹೊರಡುವಾಗ ವೈಜಯಂತಿ ಗೂಡಿನಿಂದ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಅತ್ತೆ ಕೊನೆಯ ಸಲ ತಂದದ್ದು, ಕೊಡಲು ಮನಸ್ಸು ಬಂದಿರಲಿಲ್ಲವೆಂದಳು.

ಮರುದಿನ ಬೆಳಿಗ್ಗೆ ಮಡಿಯುಟ್ಟು ಅಕ್ಕಿ ಹಾಕಿದೆ. ಮುಚ್ಚಳ ತೆಗೆದೆ. ಎರಡು ಪಾಲು. ನನ್ನದು, ವೈಜಯಂತಿಯದು. ಮೂರನೆಯದನ್ನು ಹುಡುಕಿ ಸೌಟಿನಿಂದ ತಳದವರೆಗೆ ಕೆದಕಿದೆ. ಅದು ಅಂದಿಗೆ ಹನ್ನೊಂದು ತಿಂಗಳು ಇಪ್ಪತ್ತೇಳು ದಿನದ ಹಿಂದೆಯೇ ಹೋಗಿತ್ತು. ಊರೆಲ್ಲಕ್ಕೂ ಸಾಕ್ಷಿಯಾಗಿ ಬೆಂಕಿ ಕೊಟ್ಟು ಬಂದವನು ನಾನು. ಆದರೂ ಅಂಬುಜಾಕ್ಷಿ ಸತ್ತ ಸುದ್ದಿ ನನ್ನ ಅಡುಗೆಮನೆಗೆ ಮುಟ್ಟಲು ಅಷ್ಟು ದಿನ ಹಿಡಿಯಿತು. ಸೌಟು ಹಿಡಿದುಕೊಂಡೇ ನೆಲದ ಮೇಲೆ ಕುಳಿತು ಅತ್ತೆ. ಮಡಿಯಲ್ಲಿ ಅಳಬಾರದೆಂಬ ನಿಯಮವಿದೆಯೋ ಇಲ್ಲವೋ, ಗುಂಡಾಚಾರ್ಯರನ್ನು ಕೇಳಬೇಕು. ಆ ಮೇಲೆ ದೇವರ ಮುಂದೆ ಹೋಗಿ, ಹಿಂದೆ ಕೇಳಿಕೊಂಡದ್ದನ್ನು ತಿರುಗಿ ತೆಗೆದುಕೊಂಡೆ. ಅವಳನ್ನು ಚೆನ್ನಾಗಿಡಪ್ಪಾ ಎಂದೆ.

ಹಿತ್ತಲ ಗೋಡೆಯ ಮೇಲೆ ಕಾಗೆ ಬಂದು ಕುಳಿತಿತ್ತು. ವರ್ಷವೆಲ್ಲ ನನ್ನ ಸೊಸೆಯ ಪಾಲು ಉಂಡು ಅದಕ್ಕೆ ಮೈ ಬಂದಿತ್ತು. ನಾನು ಅದಕ್ಕೆ ಕೈಮುಗಿದು, ನನ್ನದರಲ್ಲಿ ಒಂದು ತುತ್ತು ತೆಗೆದಿಟ್ಟೆ. ಅದು ತುತ್ತನ್ನು ನೋಡಿತು, ನನ್ನನ್ನು ನೋಡಿತು. ಅನ್ನವನ್ನು ಡಬ್ಬಿಯ ಕೆಳತಟ್ಟಿನಲ್ಲಿ ತುಂಬಿ, ಮೇಲುತಟ್ಟಿಗೆ ಗಟ್ಟಿ ಬೇಳೆ ಹಾಕಿ, ಶಲ್ಯ ಹೊದ್ದು ಹೊರಟೆ. ಕಾಗೆ ಹೆಂಚಿನಿಂದ ಹೆಂಚಿಗೆ ಹಾರುತ್ತ, ಇಡೀ ಬೀದಿಗೆ ಕೇಳುವಂತೆ ನನ್ನನ್ನು ಬೈಯುತ್ತ ಹಿಂದೆಯೇ ಬಂತು. ಮಠದ ಜಗುಲಿಯಲ್ಲಿ ಕುಳಿತವರು, ರಾಯರ ಸವಾರಿ ಡಬ್ಬಿ ಹಿಡಿದು ಎಲ್ಲಿಗೆ ಎಂದು ಕೇಳಿದರು. ಗುಡಿಗೆ ಎಂದೆ.

ಕನ್ನಡಕದ ಅಂಗಡಿಯಲ್ಲಿ ವೈಜಯಂತಿ ಗಾಜನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ನಾನು ಡಬ್ಬಿಯನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು, ಸಾವಿರ ಸಲ ಕರೆದ ಹೆಸರನ್ನು ಹೊಸದಾಗಿ ಕಲಿತವನಂತೆ, "ವೈಜೂ, ಊಟ" ಎಂದೆ. ಅವಳು ಗಾಜು ಕೆಳಗಿಟ್ಟು ಕೈ ಒರೆಸಿಕೊಂಡಳು. ಮೇಲುತಟ್ಟು ತೆಗೆದು ನೋಡಿದಳು, ಕೆಳತಟ್ಟು ನೋಡಿದಳು. ಕಣ್ಣು ತುಂಬಿಬಂದರೂ ಹೇಳಬೇಕಾದದ್ದನ್ನು ಬಿಡಲಿಲ್ಲ.

"ಮಾವ, ಉಪ್ಪಿನಕಾಯಿ ಹಾಕಿಲ್ಲ."

ಅಂಬುಜಾಕ್ಷಿ ಒಂದು ದಿನವೂ ಮರೆತವಳಲ್ಲವಂತೆ. ಉಪ್ಪಿನಕಾಯಿ ತರಲು ನಾನು ತಿರುಗಿ ಮನೆಗೆ ಹೊರಟೆ. ಕಾಗೆಯೂ ಹೊರಟಿತು.